ಹೆಪ್ಪುಗಟ್ಟಿದ ನೆಲ ಕಾಪಾಡಿದ ಊರು: ಡಾಸನ್



ಚಾರ್ಲಿ ಚಾಪ್ಲಿನ್‌ನ ‘ದಿ ಗೋಲ್ಡ್ ರಷ್’ ಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. 1925ರಲ್ಲಿ ತೆರೆಕಂಡ ಮೂಕಿ ಚಿತ್ರ ಅದು. ಹಸಿವು ತಾಳಲಾರದ ಚಾಪ್ಲಿನ್ ತನ್ನ ಬೂಟನ್ನೇ ಬೇಯಿಸಿ, ದೊಡ್ಡ ಔತಣದಲ್ಲಿ ಕುಳಿತವನಂತೆ ಗತ್ತಿನಿಂದ ತಿನ್ನುತ್ತಾನಲ್ಲ, ಅದೇ ಚಿತ್ರ. ಅದನ್ನು ನೋಡಿ ನಾವು ನಗುತ್ತೇವೆ. ಆದರೆ ಚಿತ್ರದ ಆರಂಭದಲ್ಲಿ ಹಿಮ ಮುಚ್ಚಿದ ಬೆಟ್ಟವನ್ನು ಇರುವೆಯ ಸಾಲಿನಂತೆ ಏರುವ ಜನರಿದ್ದಾರೆ. ಅದು ಬರಿಯ ಕಲ್ಪನೆಯಲ್ಲ. 1897-98ರ ಚಳಿಗಾಲದಲ್ಲಿ ಸಾವಿರಾರು ಜನ ನಿಜವಾಗಿಯೂ ಹಾಗೆ ಬೆಟ್ಟ ಹತ್ತಿದ್ದರು. ಅವರೆಲ್ಲ ಹೊರಟಿದ್ದು ಒಂದು ನದಿಯ ದಂಡೆಯ ಪುಟ್ಟ ಊರಿಗೆ. ಅದರ ಹೆಸರು ಡಾಸನ್ ಸಿಟಿ.

ಹೆಸರಿನಲ್ಲಿ ‘ಸಿಟಿ’ ಎಂದಿದೆ. ಆದರೆ 2021ರ ಜನಗಣತಿಯ ಪ್ರಕಾರ ಅಲ್ಲಿದ್ದವರು 1,577 ಮಂದಿ. ನಮ್ಮ ಒಂದು ಸಾಧಾರಣ ಹಳ್ಳಿಯಷ್ಟು ಜನ! ಇಷ್ಟು ಚಿಕ್ಕ ಊರಿನ ಬಗ್ಗೆ ನಿಮ್ಮೊಡನೆ ಮಾತನಾಡಲು ನನಗೊಂದು ಸ್ವಂತ ಕಾರಣವಿದೆ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಊರನ್ನು ನೋಡೋಣ.

ಭೂಪಟ ತೆರೆಯಿರಿ. ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿ, ಅಲಾಸ್ಕಾಕ್ಕೆ ಒತ್ತಿಕೊಂಡಂತೆ ಯೂಕಾನ್ ಎಂಬ ಪ್ರಾಂತವಿದೆ. ಅದೇ ಹೆಸರಿನ ನದಿಯೂ ಉಂಟು. ಯೂಕಾನ್ ನದಿಯ ಉದ್ದ ಸುಮಾರು 3,200 ಕಿಲೋಮೀಟರ್, ಅಂದರೆ ನಮ್ಮ ಕಾವೇರಿಯ ನಾಲ್ಕರಷ್ಟು. ಕೆನಡಾದಲ್ಲಿ ಹುಟ್ಟಿ, ಅಲಾಸ್ಕಾವನ್ನು ದಾಟಿ ಬೇರಿಂಗ್ ಸಮುದ್ರವನ್ನು ಸೇರುತ್ತದೆ. ಈ ನದಿಗೆ ಕ್ಲಾಂಡೈಕ್ ಎಂಬ ಚಿಕ್ಕ ನದಿ ಬಂದು ಕೂಡುವ ಕಡೆ, 64 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಡಾಸನ್ ಇದೆ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿಯೂ ಪೂರಾ ಕತ್ತಲಾಗುವುದಿಲ್ಲ. ಚಳಿಗಾಲದಲ್ಲಿ ಉಷ್ಣಾಂಶ ಮೈನಸ್ 40ಕ್ಕೆ ಇಳಿಯುವುದುಂಟು. ಮೈನಸ್ 40 ಎಂದರೆ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳಬೇಡಿ. ಆ ಒಂದು ಬಿಂದುವಿನಲ್ಲಿ ಎರಡು ಅಳತೆಗಳೂ ಒಂದೇ! ಬೇಕಿದ್ದರೆ ಲೆಕ್ಕ ಮಾಡಿ ನೋಡಿ.

ಈ ಸಂಗಮ ಚಿನ್ನದವರು ಕಂಡುಹಿಡಿದ ಜಾಗವಲ್ಲ. ಹಾನ್ ಭಾಷೆಯನ್ನಾಡುವ ಟ್ರೊಂಡೆಕ್ ಹ್ವೆಚಿನ್ ಜನ ಅಲ್ಲಿ ತಲೆಮಾರುಗಳಿಂದ ಮೀನು ಹಿಡಿಯುತ್ತಿದ್ದರು. ಸಮುದ್ರದಿಂದ ಪ್ರವಾಹಕ್ಕೆದುರಾಗಿ ಈಜಿ ಬರುವ ಸಾಲ್ಮನ್ ಮೀನುಗಳನ್ನು ತಡೆಯಲು ನದಿಯ ತಳಕ್ಕೆ ಗೂಟಗಳನ್ನು ಬಡಿದು ಬೇಲಿ ಕಟ್ಟುತ್ತಿದ್ದರು. ಗೂಟ ಬಡಿಯಲು ಬಳಸುತ್ತಿದ್ದ ಕಲ್ಲಿನ ಸುತ್ತಿಗೆಯಿಂದಲೇ ನದಿಗೆ ‘ಟ್ರೊಂಡೆಕ್’ ಎಂಬ ಹೆಸರು ಬಂತು. ಸುತ್ತಿಗೆ ಕಲ್ಲಿನ ನದಿ ಎಂದು ಅದರ ಭಾವ. ಹೊರಗಿನಿಂದ ಬಂದವರ ನಾಲಿಗೆಗೆ ಅದು ಹೊರಳಲಿಲ್ಲ, ‘ಕ್ಲಾಂಡೈಕ್’ ಆಯಿತು. ನಮ್ಮ ಎಷ್ಟೋ ಊರುಗಳ ಹೆಸರುಗಳಿಗೆ ಬ್ರಿಟಿಷರ ಬಾಯಲ್ಲಿ ಏನಾಯಿತೆಂದು ನಿಮಗೆ ಗೊತ್ತೇ ಇದೆ.

1896ರ ಆಗಸ್ಟ್ ತಿಂಗಳಲ್ಲಿ ಕ್ಲಾಂಡೈಕ್ ಕಣಿವೆಯ ಒಂದು ತೊರೆಯಲ್ಲಿ ಚಿನ್ನ ಸಿಕ್ಕಿತು. ಕಂಡವರು ಕೀಶ್ ಎಂಬಾತ, ಅವನ ಸೋದರಿ ಶಾವ್ ಟ್ಲಾ, ಆಕೆಯ ಗಂಡ ಜಾರ್ಜ್ ಕಾರ್ಮಾಕ್, ಮತ್ತು ಸೋದರಳಿಯ ಡಾಸನ್ ಚಾರ್ಲಿ. ಕಾರ್ಮಾಕ್ ಒಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಅಲ್ಲಿನ ಮೂಲನಿವಾಸಿಗಳು. ಮೊದಲ ಚಿನ್ನವನ್ನು ಕಂಡವರು ಯಾರು ಎಂಬ ಬಗ್ಗೆ ಬೇರೆ ಬೇರೆ ಹೇಳಿಕೆಗಳಿವೆ. ಆದರೆ ಮುಖ್ಯ ಹಕ್ಕು ದಾಖಲಾದದ್ದು ಕಾರ್ಮಾಕ್‌ನ ಹೆಸರಿನಲ್ಲಿ. ಆ ತೊರೆಗೆ ಮುಂದೆ ‘ಬೊನಾಂಜಾ’ ಎಂಬ ಹೆಸರು ಬಂತು.

ಆ ಚಿನ್ನ ಅಷ್ಟೊಂದು ಕೈಗೆಟಕುವಂತೆ ಬಿದ್ದಿದ್ದಾದರೂ ಏಕೆ? ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. ಅಲ್ಲಿ ಚಿನ್ನವಿದ್ದದ್ದು ಗಟ್ಟಿ ಬಂಡೆಯೊಳಗೆ. 2001ರಲ್ಲಿ ಮುಚ್ಚುವ ಹೊತ್ತಿಗೆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಕ್ಲಾಂಡೈಕಿನಲ್ಲಿ ಬಂಡೆಯನ್ನು ಒಡೆಯುವ ಕೆಲಸವನ್ನು ಮಳೆ, ಗಾಳಿ, ಹಿಮಗಳೇ ಲಕ್ಷಾಂತರ ವರ್ಷ ಮಾಡಿ ಮುಗಿಸಿದ್ದವು. ಬಂಡೆ ಸವೆದಂತೆ ಬಿಡುಗಡೆಯಾದ ಚಿನ್ನದ ಕಣಗಳು ತೊರೆಯಲ್ಲಿ ಬಂದು, ಭಾರವಾದ್ದರಿಂದ ಜಲ್ಲಿಯ ಅಡಿಗೆ ಸೇರಿಕೊಂಡವು. ಚಿನ್ನದ ಸಾಂದ್ರತೆ ನೀರಿನ ಹತ್ತೊಂಬತ್ತರಷ್ಟು. ಇನ್ನೊಂದು ಅದೃಷ್ಟವೂ ಕೂಡಿತ್ತು. ಹಿಮಯುಗದಲ್ಲಿ ಕೆನಡಾದ ಬಹುಪಾಲು ನೆಲವನ್ನು ಹಿಮನದಿಗಳು ಹೆರೆದು ಹಾಕಿದವು. ಮಳೆ-ಹಿಮ ಕಡಿಮೆಯಿದ್ದ ಈ ಭಾಗ ಮಾತ್ರ ಹಿಮದ ಹಾಳೆಯಿಂದ ತಪ್ಪಿಸಿಕೊಂಡಿತು. ಹಾಗಾಗಿ ಚಿನ್ನ ಬಿದ್ದಲ್ಲೇ ಉಳಿಯಿತು.

ಆದರೆ ಅದನ್ನು ತೆಗೆಯುವುದು ಸುಲಭವಾಗಿರಲಿಲ್ಲ. ಬೇಸಿಗೆಯಲ್ಲಿ ಮೇಲಿನ ಒಂದಷ್ಟು ಮಣ್ಣು ಕರಗುತ್ತದೆ, ಅದರ ಕೆಳಗೆ ನೆಲ ವರ್ಷವಿಡೀ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಸತತ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರುವ ಇಂಥ ನೆಲವನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಈ ಪದವನ್ನು ನೆನಪಿಟ್ಟುಕೊಳ್ಳಿ, ಇಂದಿನ ಮಾತಿಗೆಲ್ಲ ಅದೇ ಆಧಾರ. ಚಿನ್ನ ಹುಡುಕುವವರು ಚಳಿಗಾಲದಲ್ಲಿ ರಾತ್ರಿಯಿಡೀ ನೆಲದ ಮೇಲೆ ಸೌದೆಯುರಿಸಿ, ಬೆಳಿಗ್ಗೆ ಕರಗಿದಷ್ಟು ಮಣ್ಣನ್ನು ತೋಡಿ, ಮತ್ತೆ ಬೆಂಕಿ ಹಾಕಿ ಬಾವಿ ಇಳಿಸುತ್ತಿದ್ದರು. ತೆಗೆದ ಜಲ್ಲಿಯನ್ನು ರಾಶಿ ಹಾಕಿ, ವಸಂತದಲ್ಲಿ ತೊರೆ ಕರಗಿದ ಮೇಲೆ ಮರದ ಹಲಗೆಯ ಇಳಿಜಾರು ಕಾಲುವೆಯಲ್ಲಿ ತೊಳೆಯುತ್ತಿದ್ದರು. ಮಣ್ಣು ಹರಿದು ಹೋಗುತ್ತಿತ್ತು, ಚಿನ್ನ ತಳದಲ್ಲಿ ನಿಲ್ಲುತ್ತಿತ್ತು.

1897ರ ಜುಲೈಯಲ್ಲಿ ಚಿನ್ನ ಹೊತ್ತ ಎರಡು ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಸಿಯಾಟಲ್ ಬಂದರುಗಳನ್ನು ತಲುಪಿದವು. ಸುದ್ದಿ ಕಾಳ್ಗಿಚ್ಚಿನಂತೆ ಹರಡಿತು. ಗುಮಾಸ್ತರು, ಮೇಷ್ಟ್ರುಗಳು, ಅಂಗಡಿಯವರು ಕೆಲಸ ಬಿಟ್ಟು ಹೊರಟರು. ಹೊರಟವರು ಒಂದು ಲಕ್ಷ ಎಂದು ಅಂದಾಜು. ತಲುಪಿದವರು ಮೂವತ್ತರಿಂದ ನಲವತ್ತು ಸಾವಿರ. ಗಡಿಯಲ್ಲಿ ಕೆನಡಾದ ಪೊಲೀಸರು ಒಂದು ವರ್ಷಕ್ಕಾಗುವಷ್ಟು ಸಾಮಾನು ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಸಾಮಾನೆಲ್ಲ ಸೇರಿ ಸುಮಾರು ಒಂದು ಟನ್ ತೂಕ! ಅದನ್ನು ಬೆನ್ನ ಮೇಲೆ ಹೊತ್ತು ಚಿಲ್ಕೂಟ್ ಕಣಿವೆದಾರಿಯನ್ನು ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. 1898ರ ಏಪ್ರಿಲ್‌ನಲ್ಲಿ ಆ ದಾರಿಯಲ್ಲಿ ಹಿಮ ಕುಸಿದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಬೆಟ್ಟ ದಾಟಿದವರು ಸರೋವರದ ದಂಡೆಯಲ್ಲಿ ಮರ ಕೊಯ್ದು ದೋಣಿ ಕಟ್ಟಿ, ಮಂಜು ಒಡೆದ ಕೂಡಲೇ ಯೂಕಾನ್ ನದಿಯಲ್ಲಿ ತೇಲಿಕೊಂಡು ಬಂದರು. ಚಿನ್ನ ಅರಸಿ ಬಂದವರಲ್ಲಿ ಜಾಕ್ ಲಂಡನ್ ಎಂಬ ಯುವಕನೂ ಒಬ್ಬ. ಅವನು ಚಿನ್ನದ ಬದಲು ಕಥೆಗಳನ್ನು ಹೊತ್ತು ಮನೆಗೆ ಮರಳಿದ.

ಸಂಗಮದ ಜವುಗು ನೆಲದಲ್ಲಿ ಒಂದೆರಡು ವರ್ಷದೊಳಗೆ ದೊಡ್ಡ ನಗರವೊಂದು ಎದ್ದಿತು. ಜಾರ್ಜ್ ಡಾಸನ್ ಎಂಬ ಭೂವಿಜ್ಞಾನಿಯ ಹೆಸರನ್ನು ಅದಕ್ಕೆ ಇಟ್ಟರು. ಬ್ಯಾಂಕು, ನಾಟಕಶಾಲೆ, ಪತ್ರಿಕೆ, ಜೂಜಿನ ಕಟ್ಟೆ ಎಲ್ಲವೂ ಬಂದವು. ಆದರೆ ಬಹಳಷ್ಟು ಜನ ತಲುಪುವ ಹೊತ್ತಿಗೆ ಒಳ್ಳೆಯ ತೊರೆಗಳೆಲ್ಲ ಮೊದಲೇ ಬಂದವರ ಪಾಲಾಗಿದ್ದವು. 1899ರಲ್ಲಿ ಅಲಾಸ್ಕಾದ ನೋಮ್ ಎಂಬಲ್ಲಿ ಕಡಲ ತೀರದಲ್ಲೇ ಚಿನ್ನವಿದೆ ಎಂಬ ಸುದ್ದಿ ಬಂದಾಗ ಸಾವಿರಾರು ಜನ ಅತ್ತ ಓಡಿದರು. 1902ರ ಹೊತ್ತಿಗೆ ಊರಲ್ಲಿ ಐದು ಸಾವಿರ ಜನರೂ ಉಳಿಯಲಿಲ್ಲ. ಬಳಿಕ ಕಂಪನಿಗಳು ಬಂದವು, ತೊರೆಗಳ ತಳವನ್ನೇ ಬಗೆದು ತೊಳೆಯುವ ಭಾರಿ ಯಂತ್ರಗಳು ಬಂದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲಾಸ್ಕಾ ಹೆದ್ದಾರಿ ದಕ್ಷಿಣದ ವೈಟ್‌ಹಾರ್ಸ್ ಊರಿನ ಮೂಲಕ ಹಾದುಹೋಯಿತು. 1950ರ ದಶಕದಲ್ಲಿ ರಾಜಧಾನಿಯೂ ಅಲ್ಲಿಗೆ ಹೋಯಿತು. ನದಿಯಲ್ಲಿ ಓಡುತ್ತಿದ್ದ ಉಗಿದೋಣಿಗಳು ಒಂದೊಂದಾಗಿ ನಿಂತವು. ಕೊನೆಯವುಗಳಲ್ಲಿ ಒಂದಾದ ‘ಕೀನೋ’ 1960ರಲ್ಲಿ ಡಾಸನ್ನಿಗೆ ಬಂದು, ದಂಡೆಯ ಮೇಲೆ ಸ್ಮಾರಕವಾಗಿ ನಿಂತಿತು.

ಇಷ್ಟೇ ಆಗಿದ್ದರೆ ಡಾಸನ್ ಏರಿ ಇಳಿದ ನೂರಾರು ಊರುಗಳಲ್ಲಿ ಇನ್ನೊಂದು ಎನ್ನಬಹುದಿತ್ತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

1978ರ ಬೇಸಿಗೆ. ಹೊಸ ಕಟ್ಟಡವೊಂದಕ್ಕಾಗಿ ನೆಲ ಅಗೆಯುತ್ತಿದ್ದ ಯಂತ್ರದ ಬಕೆಟ್ಟಿಗೆ ಮಣ್ಣಿನ ಜೊತೆ ತಗಡಿನ ಡಬ್ಬಿಗಳು, ಫಿಲ್ಮಿನ ಸುರುಳಿಗಳು ಬಂದವು. ಚಾಲಕ ಯಂತ್ರ ನಿಲ್ಲಿಸಿದ. ಬಿಡಿಸಿ ನೋಡಿದರೆ ಮೂಕಿ ಕಾಲದ ಸಿನಿಮಾ ರೀಲುಗಳು! ಒಟ್ಟು 533 ರೀಲುಗಳು, ಹೆಚ್ಚಿನವು 1910 ಮತ್ತು 1920ರ ದಶಕದವು. ಜಗತ್ತಿನಲ್ಲಿ ಬೇರೆಲ್ಲೂ ಪ್ರತಿಯಿಲ್ಲದ ಹಲವು ಚಿತ್ರಗಳು ಅವುಗಳಲ್ಲಿದ್ದವು.

ಅವು ಅಲ್ಲಿಗೆ ಬಂದದ್ದು ಹೇಗೆ? ಸಿನಿಮಾ ಸಾಗಾಣಿಕೆಯ ಸರಣಿಯಲ್ಲಿ ಡಾಸನ್ ಕಟ್ಟಕಡೆಯ ಊರು. ಹೊಸ ಚಿತ್ರ ಊರೂರು ಸುತ್ತಿ ಅಲ್ಲಿಗೆ ಬರುವಾಗ ಎರಡು ಮೂರು ವರ್ಷ ಹಳೆಯದಾಗಿರುತ್ತಿತ್ತು. ಪ್ರದರ್ಶನ ಮುಗಿದ ಮೇಲೆ ವಾಪಸು ಕಳುಹಿಸಲು ಹಡಗಿನ ಬಾಡಿಗೆ ಕೊಡಲು ವಿತರಕರು ಸಿದ್ಧರಿರಲಿಲ್ಲ. ರೀಲುಗಳು ಗ್ರಂಥಾಲಯದ ನೆಲಮಾಳಿಗೆಯಲ್ಲಿ ರಾಶಿ ಬಿದ್ದವು. ಕೆಲವನ್ನು ಸುಟ್ಟರು, ಕೆಲವನ್ನು ನದಿಗೆ ಎಸೆದರು. ಊರಿನ ಕ್ರೀಡಾಸಂಘದಲ್ಲಿ ಒಂದು ಈಜುಕೊಳವಿತ್ತು. ಚಳಿಗಾಲದಲ್ಲಿ ಅದೇ ಜಾಗದಲ್ಲಿ ನೀರು ಹಾಯಿಸಿ, ಮಂಜು ಕಟ್ಟಿಸಿ ಹಾಕಿ ಆಡುತ್ತಿದ್ದರು. ಕೊಳವಿದ್ದ ಕಡೆ ಮಂಜು ಸಮವಾಗಿ ನಿಲ್ಲುತ್ತಿರಲಿಲ್ಲ. 1929ರಲ್ಲಿ ಕೊಳವನ್ನು ಮುಚ್ಚಲು ನಿರ್ಧರಿಸಿದರು. ತುಂಬಲು ಏನಾದರೂ ಬೇಕಲ್ಲ? ಯಾರಿಗೂ ಬೇಡವಾದ ಫಿಲ್ಮು ಇತ್ತು. ಕೊಳಕ್ಕೆ ಸುರಿದು, ಮೇಲೆ ಮಣ್ಣು ಹಾಕಿದರು. ಮುಂದೆ ಆ ಕ್ರೀಡಾಸಂಘದ ಕಟ್ಟಡವೇ ಸುಟ್ಟು ಬೂದಿಯಾಯಿತು. ಕೆಳಗಿದ್ದ ರೀಲುಗಳು ಮಾತ್ರ ಉಳಿದವು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಹೇಳಲೇಬೇಕು. ಆ ಕಾಲದ ಫಿಲ್ಮನ್ನು ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡುತ್ತಿದ್ದರು. ತೋಪಿನ ಮದ್ದಿಗೆ ಬಳಸುವ ಗನ್ ಕಾಟನ್ ಇದರದೇ ಅಣ್ಣ. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನಲ್ಲೇ ಇರುವುದರಿಂದ, ಬೆಂಕಿ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ಹತ್ತದಿದ್ದರೂ ಅದು ತನ್ನಷ್ಟಕ್ಕೆ ಕೆಡುತ್ತದೆ. ಕೆಡುವಾಗ ಹೊರಬರುವ ಆಮ್ಲೀಯ ಅನಿಲಗಳು ಕೆಡುವ ವೇಗವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಬೆಚ್ಚಗಿನ, ತೇವದ ಗೋದಾಮಿನಲ್ಲಿ ಕೆಲವು ದಶಕಗಳಲ್ಲಿ ಅಂಟಾಗಿ, ಕೊನೆಗೆ ಪುಡಿಯಾಗಿಬಿಡುತ್ತದೆ. ಅಮೆರಿಕದ ಮೂಕಿ ಕಥಾಚಿತ್ರಗಳಲ್ಲಿ ಹತ್ತರಲ್ಲಿ ಏಳು ಹೀಗೆ, ಅಥವಾ ಬೆಂಕಿಯಿಂದ, ಅಥವಾ ಬೇಡವೆಂದು ಎಸೆದದ್ದರಿಂದ ನಾಶವಾಗಿವೆ. ಆದರೆ ಉಷ್ಣಾಂಶ ಇಳಿದಂತೆ ರಾಸಾಯನಿಕ ಕ್ರಿಯೆಯ ವೇಗವೂ ಇಳಿಯುತ್ತದೆ ಎಂದು ನೀವು ಓದಿದ್ದೀರಿ. ನಮ್ಮ ಮನೆಯ ಹಾಲನ್ನು ಫ್ರಿಜ್ಜು ಕಾಪಾಡುವುದು ಇದೇ ನಿಯಮದಿಂದ. ಡಾಸನ್ನಿನ ಹೆಪ್ಪುಗಟ್ಟಿದ ನೆಲ ಆ ರೀಲುಗಳಿಗೆ ಸುಮಾರು ಐವತ್ತು ವರ್ಷ ಫ್ರಿಜ್ಜಾಗಿತ್ತು.

ಹೊರತೆಗೆದ ಮೇಲೆ ಇನ್ನೊಂದು ಪಜೀತಿ. ಸ್ಫೋಟಕದಂಥ ಈ ಸಾಮಾನನ್ನು ಹೊರಲು ಸಾಮಾನ್ಯ ಸಾರಿಗೆಯವರು ಒಪ್ಪಲಿಲ್ಲ. ಕೊನೆಗೆ ಸೇನಾ ವಿಮಾನದಲ್ಲಿ ಒಟ್ಟಾವಾಕ್ಕೆ ಸಾಗಿಸಿದರು. ಕೆನಡಾದ ರಾಷ್ಟ್ರೀಯ ಪತ್ರಾಗಾರ ಮತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವುಗಳನ್ನು ಸುರಕ್ಷಿತ ಫಿಲ್ಮಿಗೆ ನಕಲು ಮಾಡಿಕೊಂಡವು. ನೀರು ತಾಗಿದ ಅಂಚುಗಳಲ್ಲಿ ಚಿತ್ರ ಕರಗಿ ಬಿಳಿಯ ಅಲೆಗಳು ಕುಣಿಯುತ್ತವೆ. ನಡುವೆ ಮಾತ್ರ ನೂರು ವರ್ಷದ ಹಿಂದಿನ ಮುಖಗಳು ಸ್ಪಷ್ಟವಾಗಿ ನಗುತ್ತವೆ. ಬಿಲ್ ಮಾರಿಸನ್ ಎಂಬ ನಿರ್ದೇಶಕ ಈ ತುಣುಕುಗಳನ್ನೇ ಪೋಣಿಸಿ 2016ರಲ್ಲಿ ‘ಡಾಸನ್ ಸಿಟಿ: ಫ್ರೋಝನ್ ಟೈಮ್’ ಎಂಬ ಚಿತ್ರ ಮಾಡಿದ. ನಾನು ಡಾಸನ್ನನ್ನು ಕಣ್ಣಾರೆ ಕಂಡವನಲ್ಲ. ಆ ಊರಿನ ಪರಿಚಯ ನನಗಾದದ್ದು ಈ ರೀಲುಗಳ ಕಥೆಯಿಂದ.

ಹೆಪ್ಪುಗಟ್ಟಿದ ನೆಲ ಉಳಿಸಿಕೊಂಡದ್ದು ಸಿನಿಮಾ ಮಾತ್ರವಲ್ಲ. 2022ರ ಜೂನ್‌ನಲ್ಲಿ ಡಾಸನ್ನಿನ ದಕ್ಷಿಣಕ್ಕಿರುವ ಚಿನ್ನದ ತೊರೆಯೊಂದರಲ್ಲಿ ಮ್ಯಾಮತ್ ಮರಿಯ ಇಡೀ ದೇಹ ಸಿಕ್ಕಿತು. ಚರ್ಮ, ಕೂದಲು, ಸೊಂಡಿಲು ಎಲ್ಲವೂ ಇದ್ದ ಅದು ಸತ್ತು ಮೂವತ್ತು ಸಾವಿರ ವರ್ಷಗಳ ಮೇಲಾಗಿದೆ. ಟ್ರೊಂಡೆಕ್ ಹ್ವೆಚಿನ್ ಹಿರಿಯರು ಅದಕ್ಕೆ ‘ನುನ್ ಚೊ ಗಾ’ ಎಂದು ಹೆಸರಿಟ್ಟರು. ದೊಡ್ಡ ಪ್ರಾಣಿಯ ಮರಿ ಎಂದರ್ಥ.

ಆ ಜನರ ಮಾತು ಬಂತು. ಚಿನ್ನದ ಗದ್ದಲದಲ್ಲಿ ಅವರೇನಾದರು ಎಂದು ಇದುವರೆಗೆ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇತಿಹಾಸದ ಪುಸ್ತಕಗಳೂ ಬಹುಕಾಲ ಹಾಗೆಯೇ ಮಾಡಿದವು. ಮೀನು ಹಿಡಿಯುವ ಸಂಗಮದ ನೆಲವನ್ನು ಹೊಸಬರು ಆಕ್ರಮಿಸಿದರು, ಕಾಡು ಕಡಿದರು, ಹೊಸ ರೋಗಗಳನ್ನು ತಂದರು. ಆಗ ಆ ಜನರ ಮುಖಂಡನಾಗಿದ್ದವನು ಚೀಫ್ ಐಸಾಕ್. ಆತ 1897ರಲ್ಲಿ ತನ್ನವರನ್ನು ನದಿಯ ಕೆಳಹರಿವಿನಲ್ಲಿ ಸುಮಾರು ಐದು ಕಿಲೋಮೀಟರ್ ದೂರದ ಮೂಸ್‌ಹೈಡ್ ಎಂಬ ತಾಣಕ್ಕೆ ಕರೆದೊಯ್ದ. ನೆಲ ಬದಲಾಯಿಸಬಹುದು, ಹಾಡುಗಳ ಗತಿಯೇನು? ಈ ಜನಜಂಗುಳಿಯಲ್ಲಿ ತಮ್ಮ ಹಾಡು, ಕುಣಿತಗಳು ಉಳಿಯಲಾರವು ಎಂದು ಆತನಿಗೆ ಅನ್ನಿಸಿತು. ಅಲಾಸ್ಕಾದಲ್ಲಿದ್ದ ಬಂಧುಜನರಲ್ಲಿಗೆ ಹೋಗಿ, ಹಾಡುಗಳನ್ನೂ ಕುಣಿತದ ಕೋಲನ್ನೂ ಅವರ ವಶಕ್ಕೆ ಒಪ್ಪಿಸಿದ. ಒಡವೆಯನ್ನು ನಂಬಿಕಸ್ಥರ ಮನೆಯಲ್ಲಿ ಇಡುವಂತೆ, ಹಾಡನ್ನು ಇಟ್ಟ!

ಐಸಾಕ್ 1932ರಲ್ಲಿ ತೀರಿಕೊಂಡ. ಮಕ್ಕಳನ್ನು ದೂರದ ವಸತಿಶಾಲೆಗಳಿಗೆ ಕಳುಹಿಸಿದರು. ಅಲ್ಲಿ ತಾಯ್ನುಡಿ ಆಡಿದರೆ ಶಿಕ್ಷೆ. 1950ರ ದಶಕದ ಕೊನೆಗೆ ಮೂಸ್‌ಹೈಡ್ ಬಹುಮಟ್ಟಿಗೆ ಖಾಲಿಯಾಯಿತು. ಎಲ್ಲ ಮುಗಿಯಿತು ಎನ್ನುವಂತಿತ್ತು. ಆದರೆ ಅಲಾಸ್ಕಾದ ಬಂಧುಗಳು ಇಟ್ಟದ್ದನ್ನು ಮರೆತಿರಲಿಲ್ಲ. ಅವರು ಹಾಡುತ್ತಲೇ ಇದ್ದರು. 1990ರ ದಶಕದಲ್ಲಿ ಮೊಮ್ಮಕ್ಕಳ ತಲೆಮಾರು ಕೇಳಿಕೊಂಡು ಹೋದಾಗ ಹಾಡುಗಳನ್ನು ಕಲಿಸಿ ಮರಳಿಸಿದರು. ಮೂಸ್‌ಹೈಡ್‌ನಲ್ಲಿ 1993ರಿಂದ ಎರಡು ವರ್ಷಕ್ಕೊಮ್ಮೆ ದೊಡ್ಡ ಕೂಟ ನಡೆಯತೊಡಗಿತು, ಆ ಹಾಡುಗಳು ಅಲ್ಲಿ ಕೇಳಿಬಂದವು. 1998ರಲ್ಲಿ ಅವರ ಸ್ವಯಮಾಡಳಿತದ ಒಪ್ಪಂದಕ್ಕೆ ಸಹಿ ಬಿತ್ತು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಈ ಪ್ರದೇಶವನ್ನು ‘ಟ್ರೊಂಡೆಕ್-ಕ್ಲಾಂಡೈಕ್’ ಹೆಸರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚಿನ್ನ ಸಿಕ್ಕಿದ್ದಕ್ಕಾಗಿ ಅಲ್ಲ, ವಸಾಹತು ಆಳ್ವಿಕೆಯ ಹೊಡೆತವನ್ನು ಈ ಜನ ಎದುರಿಸಿ ಉಳಿದದ್ದಕ್ಕಾಗಿ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ರೀಲುಗಳನ್ನು ಯಾರೂ ಉಳಿಸಲಿಲ್ಲ. ಎಸೆದರು, ನೆಲ ಕಾಪಾಡಿತು. ಅದು ಬರಿಯ ಆಕಸ್ಮಿಕ. ಹಾಡುಗಳನ್ನು ನೆಲ ಕಾಪಾಡಲಿಲ್ಲ, ಮನುಷ್ಯರು ನೆನಪಿಟ್ಟು, ಬಾಯಿಂದ ಬಾಯಿಗೆ ದಾಟಿಸಿ ಕಾಪಾಡಿದರು. ಅದು ಎಚ್ಚರ.

ಆಕಸ್ಮಿಕವನ್ನು ಇನ್ನು ಮುಂದೆ ನೆಚ್ಚುವಂತಿಲ್ಲ. ಡಾಸನ್ನಿನಲ್ಲಿ ಒಂದಕ್ಕೊಂದು ತಲೆ ತಾಗಿಸಿ ವಾಲಿ ನಿಂತ ಹಳೆಯ ಕಟ್ಟಡಗಳನ್ನು ಪ್ರವಾಸಿಗರು ನಗುತ್ತಾ ಫೋಟೋ ತೆಗೆಯುತ್ತಾರೆ. ಒಳಗೆ ಒಲೆ ಉರಿಸಿದ ಶಾಖಕ್ಕೆ ಕೆಳಗಿನ ನೆಲ ಕರಗಿ ಅವು ವಾಲಿದವು. ಈಗ ಉತ್ತರದ ನೆಲಕ್ಕೆಲ್ಲ ಆ ಒಲೆಯ ಕೆಲಸವನ್ನು ಬಿಸಿಯಾಗುತ್ತಿರುವ ವಾತಾವರಣವೇ ಮಾಡುತ್ತಿದೆ. ವಸಂತದಲ್ಲಿ ಯೂಕಾನ್ ನದಿಯ ಮಂಜು ಯಾವ ದಿನ, ಯಾವ ನಿಮಿಷಕ್ಕೆ ಒಡೆಯುತ್ತದೆಂದು ಡಾಸನ್ನಿನ ಜನ ಪಂದ್ಯ ಕಟ್ಟುತ್ತಾರೆ. ಮಂಜಿನ ಮೇಲೆ ಮೂರು ಕಾಲಿನ ಕಂಬ ನಿಲ್ಲಿಸಿ, ದಂಡೆಯ ಗಡಿಯಾರಕ್ಕೆ ತಂತಿ ಕಟ್ಟುತ್ತಾರೆ. 1896ರಿಂದ ಈ ದಿನದ ದಾಖಲೆಯಿದೆ. ಮೋಜಿಗೆ ಬರೆದಿಟ್ಟ ಆ ಲೆಕ್ಕ ಇಂದು ವಿಜ್ಞಾನಿಗಳಿಗೆ ಆಧಾರವಾಗಿದೆ. ಮಂಜು ಒಡೆಯುವ ದಿನ ಹಿಂದಿಗಿಂತ ಬೇಗ ಬರುತ್ತಿದೆ ಎಂದು ಅದು ಹೇಳುತ್ತದೆ. ಸಾಲ್ಮನ್ ಮೀನೂ ಕ್ಷೀಣಿಸಿದೆ. ಯೂಕಾನ್ ನದಿಯ ಚಿನೂಕ್ ಸಾಲ್ಮನ್ ಹಿಡಿಯುವುದನ್ನು ಏಳು ವರ್ಷ ನಿಲ್ಲಿಸಲು 2024ರಲ್ಲಿ ಅಲಾಸ್ಕಾ ಮತ್ತು ಕೆನಡಾ ಒಪ್ಪಿಕೊಂಡವು.

ಇನ್ನು ನನ್ನ ಸ್ವಂತ ಕಾರಣ. ನಾನು ಈ ಕೆಲಸಕ್ಕೆ ಸೇರಿದ ಹೊಸದು. ಟೇಪುಗಳ ಕೊನೆಯ ಕಾಲ ಅದು. ಟೇಪಿಗೆ ಸದಾ ಅಭಾವ. ಒಂದು ದಿನ ಹೊರಗೆ ಚಿತ್ರೀಕರಣಕ್ಕೆ ಹೊರಡುವ ಅವಸರದಲ್ಲಿ ಕಪಾಟಿನಿಂದ ಒಂದು ಹಳೆಯ ಟೇಪು ತೆಗೆದುಕೊಂಡೆ. ಮೇಲಿನ ಚೀಟಿ ಅರ್ಧ ಹರಿದಿತ್ತು. ಯಾವುದೋ ತೊಗಲುಗೊಂಬೆಯಾಟ ಎಂದಷ್ಟೇ ಓದಿಕೊಂಡು, ಅದರ ಮೇಲೆ ಒಂದು ಉದ್ಘಾಟನಾ ಸಮಾರಂಭವನ್ನು ಮುದ್ರಿಸಿಕೊಂಡೆ. ಕೆಲವು ವರ್ಷಗಳ ಬಳಿಕ ಒಬ್ಬ ಹುಡುಗ ಬಂದ. ನಿಮ್ಮದೇ ವಯಸ್ಸು. “ಸಾರ್, ನಮ್ಮ ತಾತ ಗೊಂಬೆ ಆಡಿಸಿದ್ದನ್ನು ನಿಮ್ಮವರು ಶೂಟಿಂಗ್ ಮಾಡಿದ್ದರಂತೆ. ತಾತ ಹೋಗಿಬಿಟ್ಟರು. ಅವರ ದನಿ ಒಂದು ಸಲ ಕೇಳಬೇಕಿತ್ತು” ಎಂದ. ನಾನು ಸುಳ್ಳು ಹೇಳಲಿಲ್ಲ. ಆಗಿದ್ದನ್ನು ಹೇಳಿದೆ. ಅವನು ಕೋಪಿಸಿಕೊಳ್ಳಲಿಲ್ಲ. “ಹೋಗಲಿ ಬಿಡಿ ಸಾರ್” ಎಂದು ಎದ್ದು ಹೋದ. ಆ ಸಮಾರಂಭದ ಟೇಪನ್ನು ಇಲ್ಲಿಯವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ.

ನಮ್ಮ ನೆಲ ಹೆಪ್ಪುಗಟ್ಟುವ ನೆಲವಲ್ಲ. ಇಲ್ಲಿನ ಬಿಸಿಲು, ಮಳೆ, ಗೆದ್ದಲು ಯಾವುದನ್ನೂ ಬಿಡುವುದಿಲ್ಲ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಲಭ್ಯವಿಲ್ಲ. 1931ರ ‘ಆಲಂ ಆರಾ’ದ್ದೂ ಅದೇ ಕಥೆ. ನಮ್ಮಲ್ಲಿ ಯಾವ ಈಜುಕೊಳದ ಅಡಿಯಲ್ಲೂ ಅವು ಸಿಗಲಾರವು. ನಮಗಿರುವುದು ಐಸಾಕ್‌ನ ದಾರಿಯೊಂದೇ.

ಆದ್ದರಿಂದ ನಿಮಗೊಂದು ಸಣ್ಣ ಕೆಲಸ. ಮನೆಯ ಹಳೆಯ ಫೋಟೋಗಳನ್ನು ತೆಗೆಯಿರಿ. ಯಾರು, ಯಾವ ಊರು, ಯಾವ ವರ್ಷ ಎಂದು ಹಿರಿಯರನ್ನು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಅಜ್ಜಿ ಹಾಡುವ ಬೀಸುವ ಪದವನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ಸಾಲದು. ಮೊಬೈಲು ಕೆಡುತ್ತದೆ, ಕಳೆದುಹೋಗುತ್ತದೆ. ಒಂದು ಪ್ರತಿಯನ್ನು ಇನ್ನೊಬ್ಬರಲ್ಲಿ ಇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಪದವನ್ನು ನೀವೂ ಒಂದು ಸಲ ಕಲಿತು ಹಾಡಿ. ನೂರು ವರ್ಷದ ಬಳಿಕ ಯಾರಾದರೂ ಕೇಳಿಕೊಂಡು ಬಂದಾಗ, “ಇದೆ, ಬನ್ನಿ, ಕೂತುಕೊಳ್ಳಿ” ಎನ್ನುವವರು ಒಬ್ಬರಾದರೂ ಇರಲಿ.